ಮನೆಯವರ ಹಕ್ಕಿನ ಒಂದು ದಿನ



ನಿಮ್ಮ ಮಡದಿ ಕೊನೆಯ ಬಾರಿ ನಿಮ್ಮೊಂದಿಗೆ ಊರ ಹೊರಗೆ ಹೋದದ್ದು ಯಾವಾಗ? ಆಸ್ಪತ್ರೆಗೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೆಂಟರ ಮದುವೆಗೆ, ತವರಿನ ಮಯ್ಯತ್‌ಗೆ ಹೋದದ್ದನ್ನೂ ಬಿಡಿ. ಮಕ್ಕಳೊಂದಿಗೆ ಒಂದು ಕಡೆ ಕುಳಿತು, ನಾಲ್ಕು ಮಾತಾಡಿ, ಒಂದಿಷ್ಟು ಗಾಳಿ ಬೆಳಕು ಕಂಡು ಬರಲೆಂದೇ ಹೋದದ್ದು ಯಾವಾಗ? ಉತ್ತರ ಹೇಳುವ ಮೊದಲು ಸ್ವಲ್ಪ ಯೋಚಿಸಿ. ನನ್ನ ಮುಂದೆ ಈ ಪ್ರಶ್ನೆ ಬಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಒಂದು ಸಂಜೆ ಮಕ್ಕಳಿಗೆ ಮನೆಯಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯ, ಅದರ ರಾಜಧಾನಿ ನಮ್ಮ ಕಲಬುರಗಿ, ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಅಃ ಮಸೀದಿ. ಬೇರೆ ದೊಡ್ಡ ಮಸೀದಿಗಳಿಗೆ ಇರುವಂತೆ ಇದಕ್ಕೆ ತೆರೆದ ಅಂಗಳವಿಲ್ಲ, ಮಸೀದಿಯೆಲ್ಲ ಒಂದೇ ಮಾಡಿನ ಕೆಳಗಿದೆ ಎಂದು ಬಹಳ ಉತ್ಸಾಹದಿಂದ ವಿವರಿಸುತ್ತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಮಡದಿ ತಲೆ ಎತ್ತದೆಯೇ ಕೇಳಿದಳು: "ಆ ಮಸೀದಿ ಹೇಗಿದೆ ರೀ? ನಾನು ನೋಡಿಯೇ ಇಲ್ಲವಲ್ಲ."

ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಅವಳು ಕಲಬುರಗಿಗೆ ಹೋಗಿಲ್ಲವೆಂದಲ್ಲ, ಎಷ್ಟೋ ಸಲ ಹೋಗಿದ್ದಾಳೆ. ಪ್ರತಿ ಸಲವೂ ಬಸ್ ನಿಲ್ದಾಣದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ. ನಾನಾದರೋ ಇಜ್ತಿಮಾ ಎಂದು, ಪುಸ್ತಕವೆಂದು, ಸ್ನೇಹಿತರೆಂದು ತಿಂಗಳಿಗೊಮ್ಮೆ ಆ ಊರು ಸುತ್ತಿ ಬರುವವನು. ನೂರಾರು ವಿದ್ಯಾರ್ಥಿಗಳಿಗೆ ಆ ಗುಮ್ಮಟಗಳನ್ನು ಬಣ್ಣಿಸಿದವನು ಮನೆಯಾಕೆಗೆ ಒಮ್ಮೆಯೂ ತೋರಿಸಿರಲಿಲ್ಲ. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ದೂರು ಹೇಳುವ ಅಭ್ಯಾಸವನ್ನೂ ಅವಳು ಎಂದೋ ಬಿಟ್ಟಿದ್ದಳು.

ಸಹೋದರರೇ, ಇದು ನನ್ನೊಬ್ಬನ ಮನೆಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಮನೆಗಳನ್ನು ನೋಡಿ. ಗಂಡಸರಿಗೆ ಚಹಾದ ಹೋಟೆಲಿದೆ, ಸಂತೆಯಿದೆ, ಮಸೀದಿಯ ಕಟ್ಟೆಯಿದೆ, ಗೆಳೆಯರ ಬೈಕಿದೆ. ಹೆಣ್ಣುಮಕ್ಕಳಿಗೆ ಏನಿದೆ? ಅಡುಗೆಮನೆ, ಹೊಲಿಗೆ ಯಂತ್ರ, ಕೂಲಿಗೆ ಹೋಗುವವರಿಗೆ ತೊಗರಿ ಹೊಲ. ಮುಂಬೈ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದ ತಂದೆ ಈದ್‌ಗೆ ಊರಿಗೆ ಬರುತ್ತಾನೆ. ಬಂದ ಮೂರು ದಿನವೂ ಗೆಳೆಯರ ಮಧ್ಯೆ ಕಳೆದುಹೋಗುತ್ತಾನೆ. ಮಗು ಅವನು ತಂದ ಆಟಿಕೆಯನ್ನು ಹಿಡಿದು ಬಾಗಿಲಲ್ಲಿ ಕುಳಿತಿರುತ್ತದೆ. ಅದಕ್ಕೆ ಬೇಕಾಗಿದ್ದುದು ಆಟಿಕೆ ತಂದವನು.

"ದುಡ್ಡೆಲ್ಲಿದೆ?" ಎಂದು ನೀವು ಕೇಳಬಹುದು. ಆ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು, ಇದು ದುಡ್ಡಿದ್ದವರ ಶೋಕಿಯೋ ಅಥವಾ ನಮ್ಮ ದೀನ್‌ನಲ್ಲಿ ಇದಕ್ಕೊಂದು ಸ್ಥಾನವಿದೆಯೋ ಎಂಬುದನ್ನು ನೋಡೋಣ.

ಹ. ಅಬೂದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಇದ್ದವರು. ಅವರ ಮನೆಗೆ ಬಂದ ಹ. ಸಲ್ಮಾನ್(ರ), ಮನೆಯಾಕೆ ಮಾಸಿದ ಬಟ್ಟೆಯಲ್ಲಿ ಉದಾಸೀನಳಾಗಿರುವುದನ್ನು ಕಂಡು ಕಾರಣ ವಿಚಾರಿಸಿದರು. ನಿಮ್ಮ ಸಹೋದರನಿಗೆ ಈ ಲೋಕದ ಗೊಡವೆಯೇ ಇಲ್ಲ ಎಂದು ಆಕೆ ಹೇಳಿದರು. ಆಗ ಸಲ್ಮಾನ್(ರ), ಅಲ್ಲಾಹನಿಗೆ ನಿನ್ನ ಮೇಲೆ ಹಕ್ಕಿರುವಂತೆ ನಿನ್ನ ಶರೀರಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರ ಹಕ್ಕನ್ನು ಕೊಡು ಎಂದು ತಿಳಿಹೇಳಿದರು. ಈ ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂದಾಗ ಅವರು, ಸಲ್ಮಾನ್ ಹೇಳಿದ್ದು ಸತ್ಯವೆಂದರು. ಬುಖಾರಿಯಲ್ಲಿ ಈ ಘಟನೆಯಿದೆ. ಗಮನಿಸಿ, ಆರಾಧನೆಯಲ್ಲಿ ಮುಳುಗಿ ಮನೆಯವರನ್ನು ಮರೆತವರಿಗೇ ಈ ಎಚ್ಚರಿಕೆ. ಹರಟೆಯಲ್ಲಿ ಮುಳುಗಿ ಮರೆತ ನಮ್ಮ ಗತಿಯೇನು?

ಪ್ರವಾದಿವರ್ಯರ(ಸ) ಜೀವನವನ್ನೇ ನೋಡಿ. ಒಂದು ಪ್ರಯಾಣದಲ್ಲಿ ಅವರು ಜೊತೆಯವರನ್ನೆಲ್ಲ ಮುಂದೆ ಕಳಿಸಿ ಹ. ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಆಡಿದರು. ಆಯಿಶಾ(ರ) ಗೆದ್ದರು. ಕೆಲವು ಕಾಲದ ಬಳಿಕ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸಮವಾಯಿತೆಂದು ತಮಾಷೆ ಮಾಡಿದರು. ಸಮುದಾಯದ ಹೊಣೆ, ಯುದ್ಧ, ಸಂಧಾನ, ದಿವ್ಯವಾಣಿಯ ಭಾರ ಇವೆಲ್ಲವನ್ನೂ ಹೊತ್ತವರಿಗೆ ಮಡದಿಯೊಂದಿಗೆ ಓಡಲು ಸಮಯವಿತ್ತು. ನಮಗಿಲ್ಲ! ಈ ಪಂದ್ಯಕ್ಕೆ ಎಷ್ಟು ದುಡ್ಡು ಖರ್ಚಾಗಿರಬಹುದು ಎಂದೂ ಒಮ್ಮೆ ಲೆಕ್ಕ ಹಾಕಿ ನೋಡಿ.

ಒಬ್ಬನು ಅಲ್ಲಾಹನ ಮಾರ್ಗದಲ್ಲಿ, ಗುಲಾಮನ ಬಿಡುಗಡೆಗೆ, ಬಡವನಿಗೆ, ತನ್ನ ಮನೆಯವರಿಗೆ ಹೀಗೆ ನಾಲ್ಕು ದೀನಾರ್ ಖರ್ಚು ಮಾಡಿದರೆ, ಮನೆಯವರಿಗಾಗಿ ಖರ್ಚು ಮಾಡಿದ್ದಕ್ಕೇ ಹೆಚ್ಚಿನ ಪ್ರತಿಫಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇದು ಮುಸ್ಲಿಮ್ ಗ್ರಂಥದಲ್ಲಿರುವ ಹದೀಸ್. ಅಂದ ಮೇಲೆ ಮಕ್ಕಳ ಬಸ್ ಟಿಕೆಟ್ಟಿಗೆ ಕೊಟ್ಟ ಹಣ, ಸಂಕಲ್ಪ ಶುದ್ಧವಾಗಿದ್ದರೆ, ಪರಲೋಕದ ಖಾತೆಯಲ್ಲಿ ಜಮೆಯಾಗುವ ಹಣ.

ಇಲ್ಲಿ ಇನ್ನೊಂದು ಗುಂಪಿನವರಿಗೂ ಒಂದು ಮಾತು ಹೇಳಬೇಕು. ಮನೆಯವರನ್ನು ಎಲ್ಲಿಗೂ ಕರೆದೊಯ್ಯದವರು ಒಂದು ಕಡೆಯಾದರೆ, ಸಾಲ ಮಾಡಿ ಕರೆದೊಯ್ಯುವವರು ಮತ್ತೊಂದು ಕಡೆ. ನನಗೆ ಗೊತ್ತಿರುವ ಒಂದು ಕುಟುಂಬ ಪಕ್ಕದ ಮನೆಯವರು ಊಟಿಗೆ ಹೋಗಿ ಬಂದರೆಂದು, ಮೊಬೈಲಿನಲ್ಲಿ ಅವರ ಚಿತ್ರಗಳನ್ನು ನೋಡಿ ತಾವೂ ಹೊರಟಿತು. ಮಡದಿಯ ಹೆಸರಿನಲ್ಲಿ ಬಡ್ಡಿಯ ಸಾಲ ತೆಗೆದರು. ನಾಲ್ಕು ದಿನದ ಪ್ರವಾಸ ಮುಗಿಯಿತು, ವಾರದ ಕಂತು ಎರಡು ವರ್ಷ ನಡೆಯಿತು. ಕಂತು ಕೇಳಲು ಬಂದವರ ಮುಂದೆ ನಿಂತು ಉತ್ತರ ಕೊಡಬೇಕಾದವಳು ಆ ಹೆಣ್ಣುಮಗಳೇ. ಕೊನೆಗೆ ಕಿವಿಯ ಓಲೆಯೂ ಹೋಯಿತು. ಸಾಲ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳವನ್ನು ತಡೆಯಬಹುದು, ಬಡ್ಡಿಯ ಪಾಪವನ್ನು ತೊಳೆಯಲಾರದು.

ಕರುಣಾಮಯನ ದಾಸರ ಗುಣಗಳನ್ನು ಹೇಳುತ್ತ ಸೂರಃ ಅಲ್‌ಫುರ್ಕಾನ್, ಅವರು ಖರ್ಚು ಮಾಡುವಾಗ ದುಂದುವೆಚ್ಚವನ್ನೂ ಮಾಡುವುದಿಲ್ಲ, ಜಿಪುಣತನವನ್ನೂ ತೋರುವುದಿಲ್ಲ, ಎರಡರ ನಡುವಿನ ದಾರಿ ಹಿಡಿಯುತ್ತಾರೆ ಎಂದು ತಿಳಿಸುತ್ತದೆ. ಮನೆಯವರನ್ನು ಹನ್ನೊಂದು ವರ್ಷ ಕೂಡಿಟ್ಟ ನಾನು ಒಂದು ಅಂಚು. ಓಲೆ ಮಾರಿ ಊಟಿ ನೋಡಿದವರು ಇನ್ನೊಂದು ಅಂಚು. ನಡುವಿನ ದಾರಿ ಯಾವುದು? ಅದು ನಮ್ಮ ಊರಿನ ಬಸ್ ನಿಲ್ದಾಣದಿಂದಲೇ ಹೊರಡುತ್ತದೆ.

ಮಡದಿಯ ಆ ಪ್ರಶ್ನೆಯ ಮರುವಾರದಿಂದ ಒಂದು ಡಬ್ಬಿಯಿಟ್ಟೆವು. ಪ್ರತಿ ಜುಮಾ ದಿನ ಇಪ್ಪತ್ತು ರೂಪಾಯಿ. ಮದ್ರಸಾದ ಶಿಕ್ಷಕನ ಸಂಬಳದಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಇಪ್ಪತ್ತು ವಾರಕ್ಕೆ ನಾಲ್ಕು ನೂರು ರೂಪಾಯಿ ಆಯಿತು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದಿದೆಯಲ್ಲ. ಗುರುತಿನ ಚೀಟಿ ತೋರಿಸಿದ ಮಡದಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಶೂನ್ಯ ಟಿಕೆಟ್. ನನಗೆ ಪೂರ್ತಿ, ಏಳು ವರ್ಷದ ಮಗನಿಗೆ ಅರ್ಧ ಟಿಕೆಟ್. ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಬೇಯಿಸಿದ ಮೊಟ್ಟೆ, ಎರಡು ದೊಡ್ಡ ಬಾಟಲಿ ನೀರು. ಫಜ್ರ್ ನಮಾಝ್ ಮುಗಿಸಿ ಮೊದಲ ಬಸ್ಸು ಹಿಡಿದೆವು.

ಕೋಟೆಯ ಮಸೀದಿಯೊಳಗೆ ಕಾಲಿಟ್ಟಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಸಾಲುಸಾಲು ಕಮಾನುಗಳು, ಮೇಲೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗುಮ್ಮಟ. ಹೊರಗೆ ಬಿಸಿಲು, ಒಳಗೆ ತಂಪು. ಕಿರಿಯ ಮಗಳು ಕಂಬದಿಂದ ಕಂಬಕ್ಕೆ ಓಡಿ ಅಡಗುತ್ತಿದ್ದಳು. ಅವಳನ್ನು ಗದರಿಸಲು ಹೋದ ನನಗೆ ಆಯಿಶಾ(ರ) ಅವರ ಓಟ ನೆನಪಾಯಿತು, ಸುಮ್ಮನಾದೆ. ಕೋಟೆಯಲ್ಲಿ ನಮ್ಮಿಂದ ಯಾರೂ ಪ್ರವೇಶ ಶುಲ್ಕ ಕೇಳಲಿಲ್ಲ. ಅಲ್ಲಿಂದ ಆಟೋ ಹಿಡಿದು ಹಫ್ತ್ ಗುಂಬಝ್‌ಗೆ ಹೋದೆವು. ಸುಲ್ತಾನ್ ಫಿರೋಝ್ ಷಾನ ದೊಡ್ಡ ಗೋರಿಕಟ್ಟಡದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು.

ಮಗ ಕೇಳಿದ: "ಅಬ್ಬಾ, ಇಷ್ಟು ದೊಡ್ಡ ರಾಜನನ್ನು ನೋಡಲು ಯಾರೂ ಬಂದಿಲ್ಲವಲ್ಲ?" ಹ. ಖಾಜಾ ಬಂದೇನವಾಝ್(ರಹ್) ಮತ್ತು ಈ ಫಿರೋಝ್ ಷಾ ಇಬ್ಬರೂ 1422ರಲ್ಲಿಯೇ ಇಹಲೋಕ ತ್ಯಜಿಸಿದವರೆಂದು ಅವನಿಗೆ ಹೇಳಿದೆ. ಒಬ್ಬರ ಬಳಿ ಸೈನ್ಯವಿತ್ತು, ಇನ್ನೊಬ್ಬರ ಬಳಿ ಇಲ್ಮ್ ಇತ್ತು. ಅಲ್ಲಿ ಇಂದಿಗೂ ಜನ ಮುಗಿಯುವುದಿಲ್ಲ, ಇಲ್ಲಿ ಪಾರಿವಾಳಗಳಿವೆ. ಮಗನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಹತ್ತು ಪಾಠಗಳಲ್ಲಿ ನಾನು ಹೇಳಲಾರದ್ದನ್ನು ಆ ಮೌನವಾದ ಗುಮ್ಮಟ ಹೇಳಿತು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವನ್ನು ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುವುದು ಇದಕ್ಕಾಗಿಯೇ ಅಲ್ಲವೇ?

ಬಸ್ಸು, ಆಟೋ, ಮಕ್ಕಳ ಐಸ್‌ಕ್ರೀಂ, ನಮ್ಮಿಬ್ಬರ ಚಹಾ ಎಲ್ಲ ಸೇರಿ ಡಬ್ಬಿಯ ನಾಲ್ಕು ನೂರು ದಾಟಲಿಲ್ಲ. ಮರಳುವಾಗ ಬಸ್ಸಿನಲ್ಲಿ ಮಡದಿ ಹೇಳಿದ ಮಾತು ಇಷ್ಟೇ: "ಇವತ್ತು ಕಲಬುರಗಿಗೆ ಬಂದರೂ ಔಷಧಿ ವಾಸನೆ ಬರಲಿಲ್ಲ ರೀ."

ಓದುಗರೇ, ನಮ್ಮ ಭಾಗದಲ್ಲಿ ನೋಡಲು ಏನಿದೆ ಎಂದು ಹೇಳಬೇಡಿ. ಮೂರು ತಾಲೂಕುಗಳನ್ನು ಒಂದೇ ನೀರು ಕಟ್ಟಿಹಾಕಿದೆ. ಆಳಂದ ತಾಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಜಲಾಶಯವಿದೆ. ಆ ಅಮರ್ಜಾ ಹರಿದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅದೇ ತಾಲೂಕಿನ ಸೊನ್ನದಲ್ಲಿ ಭೀಮೆಗೆ ಕಟ್ಟಿದ ಬ್ಯಾರೇಜಿದೆ. ಭೀಮೆ ಮುಂದೆ ಹರಿದು ಕಲಬುರಗಿ ಮತ್ತು ಜೇವರ್ಗಿಯ ನಡುವೆ ಹಾದು, ಕೊನೆಗೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಗು ಕೇಳಿದರೆ ಅದನ್ನು ಹೊಳೆಯ ದಡಕ್ಕೆ ಕರೆದೊಯ್ದು ಉತ್ತರಿಸಿ.

ಜೇವರ್ಗಿಯವರಿಗೆ ಕಲಬುರಗಿಯ ಹಾದಿಯಲ್ಲಿ, ಭೀಮಾ ದಡದಲ್ಲಿ ಫಿರೋಜಾಬಾದ್ ಇದೆ. ಹಫ್ತ್ ಗುಂಬಝ್‌ನಲ್ಲಿ ಮಲಗಿರುವ ಅದೇ ಫಿರೋಝ್ ಷಾ ಸುಮಾರು 1400ರಲ್ಲಿ ಕಟ್ಟಿಸಿದ ಅರಮನೆಯ ನಗರವದು. ಕಲ್ಲಿನ ಕೋಟೆಗೋಡೆ, ಹೆಬ್ಬಾಗಿಲುಗಳು, ಪಾಳುಬಿದ್ದ ಜಾಮಿಅಃ ಮಸೀದಿ ಇಂದಿಗೂ ನಿಂತಿವೆ. 1420ರಲ್ಲಿ ಪಾನಗಲ್ಲಿನ ಯುದ್ಧದಲ್ಲಿ ಸೋತ ಫಿರೋಝ್, ಎರಡು ವರ್ಷಗಳ ಬಳಿಕ ಪಟ್ಟವನ್ನು ತಮ್ಮ ಅಹ್ಮದನಿಗೆ ಬಿಟ್ಟುಕೊಡಬೇಕಾಯಿತು. ಅಹ್ಮದ್ ರಾಜಧಾನಿಯನ್ನು ಬೀದರಿಗೆ ಒಯ್ದ. ಗೋಡೆಗಳು ಉಳಿದವು, ದರ್ಬಾರು ಹೋಯಿತು. ನಮ್ಮ ಮನೆಗೆ ಮೇಲ್ಮಹಡಿ ಇಲ್ಲವೆಂದು ಕೊರಗುವ ಮನಸ್ಸಿಗೆ ಅಲ್ಲಿ ಒಂದು ತಾಸು ಕುಳಿತರೆ ಸಾಕು.

ನಾಲ್ಕು ನೂರು ರೂಪಾಯಿಯೂ ಇಲ್ಲದವರು ಇದ್ದಾರೆ, ನನಗೆ ಗೊತ್ತಿದೆ. ಅವರು ನಮ್ಮ ನೆರೆಯ ರೈತರನ್ನು ನೋಡಲಿ. ಎಳ್ಳ ಅಮಾವಾಸ್ಯೆಯ ದಿನ ಅವರು ಅಜ್ಜಿಯಿಂದ ಕೂಸಿನವರೆಗೆ ಮನೆಮಂದಿಯನ್ನೆಲ್ಲ ಹೊಲಕ್ಕೆ ಕರೆದೊಯ್ಯುತ್ತಾರೆ. ಗಿಡದ ಕೆಳಗೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅವರ ಆಚರಣೆ ಅವರಿಗೆ. ಬಡವನೂ ವರ್ಷಕ್ಕೊಮ್ಮೆ ಮನೆಯವರೊಂದಿಗೆ ಬಯಲಲ್ಲಿ ಕೂತು ಉಣ್ಣುತ್ತಾನೆಂಬ ಆ ಒಳ್ಳೆಯ ಸಂಗತಿಯನ್ನು ನಾವು ಕಲಿಯಬಹುದಲ್ಲ! ಚಳಿಗಾಲದಲ್ಲಿ ಅಸರ್ ನಮಾಝ್ ಆದ ಮೇಲೆ ನಾಲ್ಕು ರೊಟ್ಟಿ ಕಟ್ಟಿಕೊಂಡು ಪರಿಚಿತರ ಹೊಲದ ಬದುವಿಗೋ ಕೆರೆಯ ಏರಿಗೋ ಹೋಗಿ ಬನ್ನಿ. ಎಳೆಯ ಜೋಳದ ಸೀತನಿ ಸಿಕ್ಕರೆ ಅದೇ ಔತಣ. ಒಂದು ಪೈಸೆಯ ಖರ್ಚಿಲ್ಲ.

ಹೊರಡುವವರಿಗೆ ಕೆಲವು ಮಾತು.

ಕಾಲ ನೋಡಿ ಹೊರಡಿ. ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆ ಹಿತವಾದ ದಿನಗಳು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಗೆ ರಜೆಯಿದೆಯೆಂದು ಆಗ ಎಳೆಯ ಮಕ್ಕಳನ್ನು ಕೋಟೆಯ ಕಲ್ಲಿನ ಮೇಲೆ ನಡೆಸಬೇಡಿ.

ನೀರಿನ ಬಳಿ ಎಚ್ಚರವಿರಲಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಹನಿ ಮಳೆ ಬೀಳದಿದ್ದರೂ ಭೀಮೆ ಏರುತ್ತದೆ. 2020ರ ಅಕ್ಟೋಬರಿನ ಪ್ರವಾಹವನ್ನು ನಮ್ಮ ಹೊಳೆದಂಡೆಯ ಹಳ್ಳಿಗಳು ಮರೆತಿಲ್ಲ. ಹೊಳೆಗೆ, ಬ್ಯಾರೇಜಿನ ನೀರಿಗೆ ಮಕ್ಕಳನ್ನು ಇಳಿಸಬೇಡಿ. ದಡದಲ್ಲಿ ಕುಳಿತು ನೋಡಿದರೂ ನೀರು ಅಷ್ಟೇ ಚೆಂದ. ಪ್ರಾಣ ಅಲ್ಲಾಹನು ಒಪ್ಪಿಸಿದ ಅಮಾನತ್ತು.

ನಮಾಝ್ ತಪ್ಪದಿರಲಿ. ಪ್ರವಾಸ ಹೊರಟೆವೆಂದು ಕೆಲವರು ತಾವಾಗಿಯೇ ಕಸ್ರ್ ಮಾಡಿಬಿಡುತ್ತಾರೆ. ನಮ್ಮ ಹನಫೀ ಉಲಮಾಗಳು ಅದಕ್ಕೆ ಸಾಮಾನ್ಯವಾಗಿ 48 ಮೈಲು, ಅಂದರೆ ಸುಮಾರು 77 ಕಿಲೋಮೀಟರ್ ದೂರವನ್ನು ಹೇಳುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗಳಿಂದ ಕಲಬುರಗಿಗೆ ಅಷ್ಟು ದೂರವಿಲ್ಲ. ಪೂರ್ತಿ ನಮಾಝ್ ಮಾಡಿ. ಹಾಸಲು ಒಂದು ಚಾದರ್ ಜೊತೆಗಿದ್ದರೆ ಮನೆಯ ಹೆಂಗಸರ ನಮಾಝ್‌ಗೂ ತೊಂದರೆಯಾಗದು.

ಜಾಗವನ್ನು ಕೊಳಕು ಮಾಡಬೇಡಿ. ಜನರು ನೆರಳಿಗೆ ಕೂರುವ ಸ್ಥಳ, ನಡೆಯುವ ದಾರಿ, ನೀರಿನ ತಾಣ ಈ ಮೂರನ್ನು ಮಲಿನಗೊಳಿಸುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ತಂದ ಪ್ಲಾಸ್ಟಿಕ್ಕನ್ನು ಮರಳಿ ಚೀಲಕ್ಕೆ ಹಾಕಿ. ಗೋರಿಗಳ ಗೋಡೆಗೆ ಹೆಸರು ಕೆತ್ತಬೇಡಿ. ಗಾಣಗಾಪುರದ ಸಂಗಮದಂತಹ ಕಡೆ ದತ್ತ ಭಕ್ತರು ತಮ್ಮ ಪೂಜೆಯಲ್ಲಿರುತ್ತಾರೆ. ಅವರಿಗೆ ಅಡ್ಡಿಯಾಗದಂತೆ, ನೋವಾಗದಂತೆ ನಡೆದುಕೊಳ್ಳುವುದು ಒಬ್ಬ ಮುಸ್ಲಿಮನ ಗುರುತಾಗಲಿ.

ಝಿಯಾರತ್‌ಗೆ ಹೋಗುವವರು ಮರಣವನ್ನು ನೆನೆದು, ದುಆ ಮಾಡಿ ಬರಲಿ. ಅದರ ಹೆಸರಿನಲ್ಲಿ ಕೈಮೀರಿದ ಖರ್ಚು, ಸಾಲ ಬೇಡ.

ಮತ್ತೊಂದು ವಿನಂತಿ. ನಿಮ್ಮ ಓಣಿಯಲ್ಲಿ ತಂದೆಯಿಲ್ಲದ ಮಗು ಒಂದಿರಬಹುದು. ನಿಮ್ಮ ಮಕ್ಕಳು ಹೊರಡುವುದನ್ನು ಅದು ಬಾಗಿಲಿಂದ ನೋಡುತ್ತಿರುತ್ತದೆ. ಅರ್ಧ ಟಿಕೆಟ್, ಎರಡು ರೊಟ್ಟಿ ಹೆಚ್ಚಾದರೆ ನಿಮಗೆ ಭಾರವೇ? ಅದರ ಮನೆಯವರನ್ನು ಕೇಳಿ ಅದನ್ನೂ ಜೊತೆಗೆ ಕರೆದೊಯ್ಯಿರಿ. ಇಲ್ಲವಾದರೆ ಮರಳಿ ಬಂದಾಗ ಅದರ ಮುಂದೆ ಮೊಬೈಲಿನ ಚಿತ್ರಗಳನ್ನಾದರೂ ತೋರಿಸಿ ಮೆರೆಯಬೇಡಿ.

ಸಹೋದರರೇ, ಮಕ್ಕಳು ಬೆಳೆಯುತ್ತಿದ್ದಾರೆ. ಇಂದು ನಿಮ್ಮ ಬೆರಳು ಹಿಡಿಯುವ ಮಗಳು ನಾಳೆ ಇನ್ನೊಂದು ಮನೆಗೆ ಹೋಗುತ್ತಾಳೆ. ಮಗ ದುಡಿಯಲು ದೂರದೂರಿಗೆ ಹೋಗುತ್ತಾನೆ. ಮಡದಿಯ ಮೊಣಕಾಲು ಕೋಟೆಯ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ಎಂದೆಂದಿಗೂ ಇರುವುದಿಲ್ಲ. ಕೈಯಲ್ಲಿ ದುಡ್ಡು ಬಂದ ಮೇಲೆ ನೋಡೋಣ ಎನ್ನುವವನ ಬಳಿ ದುಡ್ಡು ಬರುವ ಹೊತ್ತಿಗೆ, ಜೊತೆಗೆ ಬರುವವರು ಉಳಿದಿರುತ್ತಾರೆಯೇ? ಪ್ರತಿಯೊಬ್ಬ ಕುರುಬನೂ ತನ್ನ ಮಂದೆಯ ಬಗ್ಗೆ ವಿಚಾರಿಸಲ್ಪಡುವನೆಂಬ ಪ್ರವಾದಿವಚನವನ್ನು ನಾವೆಲ್ಲ ಕೇಳಿದ್ದೇವೆ. ಆ ವಿಚಾರಣೆಯಲ್ಲಿ ಉಣಿಸಿದೆ, ಉಡಿಸಿದೆ ಎಂದರೆ ಮುಗಿಯಿತೇ? ಅವರಿಗೆ ನಿನ್ನ ಒಂದು ದಿನವನ್ನಾದರೂ ಕೊಟ್ಟೆಯಾ ಎಂದು ಕೇಳಿದರೆ ಏನು ಹೇಳೋಣ?

ಬರುವ ಜುಮಾ ದಿನ ಒಂದು ಡಬ್ಬಿಯಿಡಿ. ಎಲ್ಲಿಗೆ ಹೋಗೋಣವೆಂದು ಮೊದಲು ಮನೆಯಾಕೆಯನ್ನೇ ಕೇಳಿ.

ನಮ್ಮ ಮನೆಗಳಲ್ಲಿ ಪ್ರೀತಿಯನ್ನೂ ಸಂಪಾದನೆಯಲ್ಲಿ ಬರಕತ್ತನ್ನೂ ಅಲ್ಲಾಹನು ದಯಪಾಲಿಸಲಿ. ನಮ್ಮನ್ನು ಸಾಲದ ಭಾರದಿಂದಲೂ ಜಿಪುಣತನದಿಂದಲೂ ಕಾಪಾಡಲಿ. ಮನೆಯವರ ಹಕ್ಕನ್ನು ಅವರು ಕೇಳುವ ಮೊದಲೇ ಕೊಡುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೀನ್.